ಶೂ ತುದಿಯ ನೆರಿಗೆ: ಯಾನ್ ಮಾಟ್ಸೆಲಿಗರ್ ಎಂಬ ವಲಸಿಗನ ಕತೆ

ನಿಮ್ಮ ಹತ್ತಿರ ಒಂದು ಚರ್ಮದ ಶೂ ಇದ್ದರೆ ಕೈಗೆ ತೆಗೆದುಕೊಳ್ಳಿ. ಮುಂದಿನ ತುದಿ ನೋಡಿ, ಕಾಲ್ಬೆರಳು ಇರುವ ಜಾಗ. ಚರ್ಮ ಅಲ್ಲಿ ಮೇಲಿನಿಂದ ಕೆಳಕ್ಕೂ ಬಾಗಿದೆ, ಎಡದಿಂದ ಬಲಕ್ಕೂ ಬಾಗಿದೆ. ಆದರೂ ಒಂದು ಸುಕ್ಕಿಲ್ಲ. ಶೂ ಆಗುವ ಮೊದಲು ಅದು ಚಪ್ಪಟೆ ಚರ್ಮದ ತುಂಡಾಗಿತ್ತು ಅಲ್ವಾ? ಹಾಗಾದರೆ ಸುಕ್ಕೆಲ್ಲ ಎಲ್ಲಿಗೆ ಹೋಯಿತು?

ಅದು ಎಲ್ಲಿಗೂ ಹೋಗಿಲ್ಲ. ಅಟ್ಟೆಯ ಕೆಳಗೆ ಅಡಗಿ ಕೂತಿದೆ. ಚರ್ಮದ ಅಂಚನ್ನು ಬಿಗಿಯಾಗಿ ಎಳೆದು, ಸಣ್ಣ ಸಣ್ಣ ನೆರಿಗೆ ಮಾಡಿ, ಅಡಿಗೆ ಮಡಚಿ, ಮೇಲೆ ಅಟ್ಟೆ ಮುಚ್ಚಿರುತ್ತಾರೆ. 140 ವರ್ಷದ ಹಿಂದಿನವರೆಗೂ ಈ ಕೆಲಸ ಮನುಷ್ಯನ ಬೆರಳಿಗೆ ಮಾತ್ರ ಗೊತ್ತಿತ್ತು. ಇದನ್ನು ಯಂತ್ರಕ್ಕೆ ಕಲಿಸುವುದು ಆಗದ ಮಾತು ಅಂತ ಶೂ ಊರುಗಳಲ್ಲಿ ಎಲ್ಲರೂ ನಂಬಿದ್ದರು.

ಕಲಿಸಿದವನು ಯಾನ್ ಅರ್ನ್ಸ್ಟ್ ಮಾಟ್ಸೆಲಿಗರ್. ದಕ್ಷಿಣ ಅಮೆರಿಕದ ಸುರಿನಾಮ್‌ನಿಂದ ಅಮೆರಿಕಕ್ಕೆ ಬಂದ ಕಪ್ಪು ವರ್ಣದ ಯುವಕ. ಬಂದಾಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಸತ್ತಾಗ ಇನ್ನೂ 37 ತುಂಬಿರಲಿಲ್ಲ.

ಈಗ ಯಾಕೆ ಈ ಕತೆ ಅಂತ ಕೇಳಬಹುದು. ಎರಡು ಪ್ರಶ್ನೆಗಳು ಇವತ್ತು ಎಲ್ಲರ ಬಾಯಲ್ಲೂ ಇವೆ. ಹೊರಗಿನಿಂದ ಬಂದವರು ಒಂದು ದೇಶಕ್ಕೆ ಏನು ತರುತ್ತಾರೆ? ನುರಿತ ಕೈಯ ಕೆಲಸವನ್ನು ಯಂತ್ರ ಕಲಿತುಬಿಟ್ಟರೆ ಏನಾಗುತ್ತದೆ? ಈ ಒಬ್ಬನ ಬದುಕಿನಲ್ಲಿ ಎರಡೂ ಪ್ರಶ್ನೆ ಒಟ್ಟಿಗೆ ಬರುತ್ತವೆ. ಆದರೆ ಆತ ಮಾಡಿದ್ದು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಮೊದಲು ಶೂ ಹೇಗೆ ತಯಾರಾಗುತ್ತದೆ ಅನ್ನುವುದು ಗೊತ್ತಿರಬೇಕು.

## ಶೂ ತಯಾರಾಗುವ ಬಗೆ

ಶೂವಿನಲ್ಲಿ ಮುಖ್ಯವಾಗಿ ಮೂರು ಭಾಗ. ಪಾದವನ್ನು ಮೇಲಿನಿಂದ ಮುಚ್ಚುವ ಚರ್ಮ ಒಂದು. ಪಾದದ ಅಡಿಗೆ ತಾಗುವ ತೆಳು ಒಳ ಅಟ್ಟೆ ಇನ್ನೊಂದು. ನೆಲಕ್ಕೆ ತಾಗುವ ದಪ್ಪ ಹೊರ ಅಟ್ಟೆ ಮೂರನೆಯದು.

ಇವು ಮೂರನ್ನೂ ಜೋಡಿಸಲು ಒಂದು ಅಚ್ಚು ಬೇಕು. ಪಾದದ ಆಕಾರದಲ್ಲೇ ಕೆತ್ತಿದ ಮರದ ಅಚ್ಚು. ಇದಕ್ಕೆ ಆ ಕಸುಬಿನಲ್ಲಿ 'ಲಾಸ್ಟ್' ಅನ್ನುತ್ತಾರೆ. ಅಚ್ಚಿನ ಅಡಿಗೆ ಒಳ ಅಟ್ಟೆ ಇಡಬೇಕು. ಹೊಲಿದು ಸಿದ್ಧವಾದ ಮೇಲ್ಚರ್ಮವನ್ನು ಅಚ್ಚಿಗೆ ತೊಡಿಸಬೇಕು. ಆಮೇಲೆ ಚರ್ಮದ ಅಂಚನ್ನು ಸುತ್ತಲೂ ಎಳೆದು, ಒಳ ಅಟ್ಟೆಯ ಮೇಲಕ್ಕೆ ಮಡಚಿ, ಸಣ್ಣ ಮೊಳೆ ಹೊಡೆದು ನಿಲ್ಲಿಸಬೇಕು. ಈ ಎಳೆದು ಮಡಚುವ ಕೆಲಸವೇ 'ಲಾಸ್ಟಿಂಗ್'. ಅದನ್ನು ಮಾಡುವವನು 'ಲಾಸ್ಟರ್'. ಇದಾದ ಮೇಲೆ ಹೊರ ಅಟ್ಟೆ ಸೇರಿಸಿ ಹೊಲಿದರೆ ಶೂ ಆಯಿತು.

ಕೇಳಲು ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಒಂದು ಚೌಕ ಪೆಟ್ಟಿಗೆಗೆ ಕಾಗದ ಸುತ್ತಿ ನೋಡಿ, ಸಲೀಸಾಗಿ ಕೂರುತ್ತದೆ. ಅದೇ ಕಾಗದವನ್ನು ಒಂದು ಚೆಂಡಿಗೆ ಸುತ್ತಿ. ಎಷ್ಟೇ ಜಾಣತನದಿಂದ ಸುತ್ತಿದರೂ ಎಲ್ಲೋ ಒಂದು ಕಡೆ ಕಾಗದ ಜಾಸ್ತಿಯಾಗಿ ಮುದುಡುತ್ತದೆ. ಶೂವಿನ ತುದಿಯಲ್ಲಿ ಆಗುವುದೂ ಇದೇ. ಅಲ್ಲಿ ಜಾಸ್ತಿಯಾದ ಚರ್ಮವನ್ನು ಕತ್ತರಿಸಿದರೆ ಶೂ ಬಾಳಿಕೆ ಬರುವುದಿಲ್ಲ. ಸುಮ್ನೆ ಮಡಚಿದರೆ ಗಂಟಾಗಿ ಕಾಲಿಗೆ ಒತ್ತುತ್ತದೆ. ಸಮವಾದ ಸಣ್ಣ ನೆರಿಗೆಗಳನ್ನು ಹಿಡಿಯಬೇಕು, ಆ ನೆರಿಗೆ ಅಡಿಭಾಗದಲ್ಲೇ ಮುಗಿದುಹೋಗಬೇಕು, ಮೇಲಕ್ಕೆ ಬರಕೂಡದು.

ಲಾಸ್ಟರ್‌ನ ಕೈಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅವನ ಬಾಯಲ್ಲಿ ಒಂದು ಹಿಡಿ ಸಣ್ಣ ಮೊಳೆ. ಕೈಯಲ್ಲಿ ಬಾಗಿದ ಮೂತಿಯ ಇಕ್ಕಳ. ಆ ಇಕ್ಕಳದ ಒಂದು ಬದಿಯಲ್ಲೇ ಸುತ್ತಿಗೆಯ ತಲೆಯಂಥ ಉಬ್ಬು. ಅಚ್ಚನ್ನು ತಲೆಕೆಳಗು ಮಾಡಿ ಹಿಡಿಯುತ್ತಾನೆ. ಇಕ್ಕಳದಿಂದ ಚರ್ಮದ ಅಂಚು ಕಚ್ಚಿ ಎಳೆಯುತ್ತಾನೆ. ಎಳೆದದ್ದು ಸಡಿಲವಾಗದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾನೆ. ಬಾಯಿಂದ ಒಂದು ಮೊಳೆ ತೆಗೆದು ಇಡುತ್ತಾನೆ, ಇಕ್ಕಳವನ್ನೇ ತಿರುಗಿಸಿ ಹೊಡೆಯುತ್ತಾನೆ. ಮತ್ತೆ ಪಕ್ಕದಲ್ಲಿ ಕಚ್ಚುತ್ತಾನೆ, ಎಳೆಯುತ್ತಾನೆ, ಒತ್ತುತ್ತಾನೆ, ಹೊಡೆಯುತ್ತಾನೆ. ಹೀಗೆ ಅಚ್ಚಿನ ಸುತ್ತ ಒಂದು ಸುತ್ತು.

ಎಷ್ಟು ಎಳೆಯಬೇಕು ಅಂತ ಯಾರೂ ಹೇಳಿಕೊಡಲಾಗುವುದಿಲ್ಲ. ಚರ್ಮ ಪ್ರಾಣಿಯ ಮೈಯಿಂದ ಬಂದದ್ದು. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಮೆದು. ಒಂದೇ ತುಂಡು ಒಂದು ದಿಕ್ಕಿನಲ್ಲಿ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಕಡಿಮೆ. ಕಡಿಮೆ ಎಳೆದರೆ ಸುಕ್ಕು ಉಳಿಯುತ್ತದೆ, ಜಾಸ್ತಿ ಎಳೆದರೆ ಹರಿಯುತ್ತದೆ. ನುರಿತವನ ಬೆರಳಿಗೆ ಅದು ತಾನಾಗಿ ತಿಳಿಯುತ್ತದೆ.

## ಒಂದೇ ಕೆಲಸ ಮಾತ್ರ ಕೈಯಲ್ಲಿ ಉಳಿದಿತ್ತು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್‌ಗೆ ಹತ್ತಿರ, ಲಿನ್ ಅಂತ ಒಂದು ಊರಿದೆ. 19ನೇ ಶತಮಾನದಲ್ಲಿ ಲಿನ್ ಅಂದರೆ ಶೂ, ಶೂ ಅಂದರೆ ಲಿನ್. ವಿಶೇಷವಾಗಿ ಹೆಂಗಸರ ಶೂಗಳಿಗೆ ಹೆಸರಾದ ಊರು.

ಅಲ್ಲಿ ಒಂದೊಂದಾಗಿ ಯಂತ್ರಗಳು ಬಂದವು. 1846ರಲ್ಲಿ ಎಲಿಯಾಸ್ ಹೋವ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಮುಂದೆ ಅದೇ ಬಗೆಯ ಯಂತ್ರಗಳು ಮೇಲ್ಚರ್ಮ ಹೊಲಿಯಲು ಬಂದವು. 1858ರಲ್ಲಿ ಲೈಮನ್ ಬ್ಲೇಕ್ ಅಟ್ಟೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಹಕ್ಕನ್ನು ಗಾರ್ಡನ್ ಮೆಕೆ ಕೊಂಡುಕೊಂಡ. ಹಾಗಾಗಿ ಅದು 'ಮೆಕೆ ಯಂತ್ರ' ಅಂತಲೇ ಹೆಸರಾಯಿತು. ಮೊದಲು ಕತ್ತರಿಸುವುದು ಮತ್ತು ಹೊಲಿಯುವುದು, ಕೊನೆಗೆ ಅಟ್ಟೆ ಕೂಡಿಸುವುದು. ಎಲ್ಲ ಬೇಗ ಬೇಗ ಆಗತೊಡಗಿತು.

ನಡುವೆ ಲಾಸ್ಟಿಂಗ್ ಮಾತ್ರ ಹಾಗೇ ಉಳಿಯಿತು. ಒಬ್ಬ ಒಳ್ಳೆ ಲಾಸ್ಟರ್ 10 ಗಂಟೆ ದುಡಿದರೆ ಸುಮಾರು 50 ಜೊತೆ ಮಾಡುತ್ತಿದ್ದ. ಅದಕ್ಕಿಂತ ಜಾಸ್ತಿ ಕಷ್ಟ. ಆಲಿಕೆ ನೆನಪಿಸಿಕೊಳ್ಳಿ. ಮೇಲೆ ಬಾಯಿ ಎಷ್ಟೇ ಅಗಲ ಇರಲಿ, ಎಣ್ಣೆ ಇಳಿಯುವುದು ಕೆಳಗಿನ ಸಣ್ಣ ತೂತಿನ ಲೆಕ್ಕದಲ್ಲೇ. ಇಡೀ ಕಾರ್ಖಾನೆಯ ವೇಗ ಲಾಸ್ಟರ್‌ಗಳ ಕೈಯ ವೇಗಕ್ಕೆ ಕಟ್ಟಿಬಿದ್ದಿತ್ತು.

ಹೀಗಾಗಿ ಲಾಸ್ಟರ್‌ಗಳ ಮಾತಿಗೆ ಬೆಲೆ ಇತ್ತು. ಅವರಿಗೆ ತಮ್ಮದೇ ಸಂಘವಿತ್ತು. ಅವರು ಕೆಲಸ ನಿಲ್ಲಿಸಿದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕಿತ್ತು. ಬೇರೆ ಕಸುಬಿನವರ ಕೆಲಸವನ್ನು ಯಂತ್ರ ನುಂಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ತಮ್ಮದನ್ನು ನುಂಗಲಾರದು ಅನ್ನುವ ನಂಬಿಕೆ ಅವರದ್ದು. ಅದು ಬರೀ ಜಂಬ ಅಲ್ಲ. ಲಾಸ್ಟಿಂಗ್ ಯಂತ್ರ ಮಾಡಲು ಹಲವರು ಪ್ರಯತ್ನಿಸಿದ್ದರು. ನೇರವಾದ ಬದಿಗಳು ಹೇಗೋ ಆಗುತ್ತಿದ್ದವು. ಶೂವಿನ ತುದಿ ಮತ್ತು ಹಿಮ್ಮಡಿ ಬಂದಾಗ ಯಂತ್ರ ಸೋಲುತ್ತಿತ್ತು.

## ಪಾರಾಮಾರಿಬೊದಿಂದ ಹೊರಟ ಹುಡುಗ

ಮಾಟ್ಸೆಲಿಗರ್ ಹುಟ್ಟಿದ್ದು 1852ರ ಸೆಪ್ಟೆಂಬರ್ 15ರಂದು, ಪಾರಾಮಾರಿಬೊ ಊರಿನಲ್ಲಿ. ಅದು ಇಂದಿನ ಸುರಿನಾಮ್ ದೇಶದ ರಾಜಧಾನಿ. ಆಗ ಅದು ಡಚ್ಚರ ವಸಾಹತು. ತಂದೆ ಡಚ್ ಇಂಜಿನಿಯರ್, ಸರಕಾರಿ ಯಂತ್ರಾಗಾರದ ಉಸ್ತುವಾರಿ ಅವರದ್ದು. ತಾಯಿ ಆಫ್ರಿಕಾ ಮೂಲದ ಕಪ್ಪು ವರ್ಣದ ಮಹಿಳೆ.

ಆತ ಹುಟ್ಟಿದಾಗ ಸುರಿನಾಮ್‌ನಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಅದು ರದ್ದಾದದ್ದು 1863ರ ಜುಲೈ 1ರಂದು, ಆತನಿಗೆ 10 ವರ್ಷ ಇದ್ದಾಗ. ಬಿಡುಗಡೆಯಾದವರೂ ಇನ್ನೂ 10 ವರ್ಷ ಸರಕಾರದ ನಿಗಾದಲ್ಲಿ ತೋಟಗಳಲ್ಲಿ ದುಡಿಯಬೇಕಿತ್ತು. ಆ ಗಡುವು ಮುಗಿದ 1873ರಲ್ಲೇ ತೋಟಗಳಿಗೆ ಭಾರತದಿಂದ ಕೂಲಿಗಳನ್ನು ಹೊತ್ತ ಮೊದಲ ಹಡಗು 'ಲಾಲಾ ರೂಖ್' ಪಾರಾಮಾರಿಬೊ ಮುಟ್ಟಿತು. ನಮ್ಮವರು ಆ ಊರಿಗೆ ಇಳಿದ ವರ್ಷವೇ ಮಾಟ್ಸೆಲಿಗರ್ ಅಮೆರಿಕದ ದಡ ಮುಟ್ಟಿದ್ದ. ಇದನ್ನು ಓದಿದಾಗಿನಿಂದ ಸುರಿನಾಮ್ ನನಗೆ ಅಷ್ಟು ದೂರದ ದೇಶ ಅನ್ನಿಸುವುದಿಲ್ಲ.

10ನೇ ವಯಸ್ಸಿಗೇ ಹುಡುಗ ಯಂತ್ರಾಗಾರದಲ್ಲಿ ಕೆಲಸ ಕಲಿಯಲು ಸೇರಿದ. ಕಬ್ಬಿಣ ಕೊರೆಯುವುದು, ಹಲ್ಲುಚಕ್ರ ಕೂಡಿಸುವುದು, ಕೆಟ್ಟ ಯಂತ್ರ ಬಿಚ್ಚಿ ಸರಿಮಾಡುವುದು, ಇಂಥ ಕೆಲಸಗಳ ನಡುವೆ ಬೆಳೆದ. ಆತನಿಗೆ ಸಿಕ್ಕ ಇಂಜಿನಿಯರಿಂಗ್ ಶಿಕ್ಷಣ ಇಷ್ಟೇ.

19ನೇ ವಯಸ್ಸಿನಲ್ಲಿ ಒಂದು ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿ ಊರು ಬಿಟ್ಟ. ಎರಡು ವರ್ಷ ಸಮುದ್ರದ ಮೇಲೆ ಕಳೆದು 1873ರಲ್ಲಿ ಫಿಲಡೆಲ್ಫಿಯಾದಲ್ಲಿ ಇಳಿದ. ಅದೇ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ದೊಡ್ಡ ಆರ್ಥಿಕ ಕುಸಿತ ಶುರುವಾಗಿತ್ತು. ಕೆಲಸ ಸಿಗುವುದೇ ಕಷ್ಟದ ಕಾಲ. ಕಪ್ಪು ವರ್ಣದ, ಇಂಗ್ಲಿಷ್ ಬಾರದ ಹುಡುಗನಿಗೆ ಇನ್ನೂ ಕಷ್ಟ. ಯಂತ್ರದ ಕೆಲಸ ಗೊತ್ತಿದ್ದರೂ ಸಿಕ್ಕ ಸಿಕ್ಕ ಚಿಲ್ಲರೆ ಕೆಲಸ ಮಾಡಿದ. ಅಲ್ಲೇ ಶೂ ಕಸುಬಿನ ಪರಿಚಯವಾಯಿತು. ಶೂ ಕೆಲಸ ಬೇಕಾದರೆ ಲಿನ್‌ಗೆ ಹೋಗಬೇಕು ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. 1877ರಲ್ಲಿ ಲಿನ್‌ಗೆ ಬಂದ.

## ಲಿನ್‌ನ ರಾತ್ರಿಗಳು

ಲಿನ್‌ನಲ್ಲಿ ಹಾರ್ನಿ ಬ್ರದರ್ಸ್ ಎಂಬ ಶೂ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಟ್ಟೆ ಹೊಲಿಯುವ ಮೆಕೆ ಯಂತ್ರ ಓಡಿಸುವುದು ಆತನ ಕೆಲಸ. ಲಾಸ್ಟರ್‌ಗಳ ಕೈಯಿಂದ ಬಂದದ್ದೇ ಆತನ ಯಂತ್ರಕ್ಕೆ ಬರಬೇಕು. ಎಲ್ಲಿ ತಡವಾಗುತ್ತಿದೆ ಅನ್ನುವುದು ಆತನಿಗೆ ದಿನಾ ಕಾಣುತ್ತಿತ್ತು.

ಹಗಲು ಕಾರ್ಖಾನೆ, ಸಂಜೆ ಇಂಗ್ಲಿಷ್ ಕಲಿಯುವುದು. ದುಡ್ಡು ಉಳಿದರೆ ವಿಜ್ಞಾನದ ಪುಸ್ತಕ ಕೊಳ್ಳುವುದು. ಬಿಡುವಿನಲ್ಲಿ ಚಿತ್ರ ಬರೆಯುವುದು. ಚೆನ್ನಾಗಿ ಬರೆಯುತ್ತಿದ್ದ, ಮುಂದೆ ಬೇರೆಯವರಿಗೆ ತೈಲಚಿತ್ರ ಹೇಳಿಕೊಟ್ಟ. ಚಿತ್ರ ಬರೆಯುವ ಕಣ್ಣಿಗೂ ಈ ಯಂತ್ರಕ್ಕೂ ಸಂಬಂಧವಿದೆ ಅಂತಲೇ ನನ್ನ ಭಾವನೆ. ಲಾಸ್ಟರ್‌ನ ಕೈ ಯಾವಾಗ ತಿರುಗುತ್ತದೆ, ಯಾವಾಗ ಒತ್ತುತ್ತದೆ, ಯಾವಾಗ ಬಿಡುತ್ತದೆ ಅಂತ ಒಂದೊಂದೇ ಚಲನೆ ಗುರುತಿಸಿ ಕಾಗದಕ್ಕೆ ಇಳಿಸಬೇಕಾದರೆ ನೋಡುವ ತಾಳ್ಮೆ ಬೇಕು.

ಭಾನುವಾರ ಕೂಡಲು ಒಂದು ಚರ್ಚ್ ಬೇಕಿತ್ತು. ಕ್ಯಾಥೊಲಿಕ್, ಎಪಿಸ್ಕೋಪಲ್ ಮತ್ತು ಯೂನಿಟೇರಿಯನ್ ಚರ್ಚುಗಳ ಬಾಗಿಲು ತಟ್ಟಿದ. ಮೈಬಣ್ಣದ ಕಾರಣಕ್ಕೆ ಮೂರೂ ಕಡೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ನಾರ್ತ್ ಕಾಂಗ್ರಿಗೇಷನಲ್ ಚರ್ಚಿನ ಯುವಕರ ಬಳಗ ಒಳಗೆ ಕರೆಯಿತು. ಆತನ ಗೆಳೆತನವೆಲ್ಲ ಅಲ್ಲೇ ಬೆಳೆಯಿತು. ಅಲ್ಲಿನ ಮಕ್ಕಳಿಗೆ ಭಾನುವಾರದ ಪಾಠವನ್ನೂ ಮಾಡಿದ. ಈ ಸಂಗತಿ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಒಂದು ಹಳೆಯ ಕಟ್ಟಡದ ಮೇಲಿನ ಕೋಣೆ ಬಾಡಿಗೆಗೆ ಹಿಡಿದು ರಾತ್ರಿ ಹೊತ್ತು ಕೆಲಸ ಶುರುಮಾಡಿದ. ಮೊದಲ ಮಾದರಿ ಮಾಡಲು ಬಳಸಿದ್ದು ಸಿಗಾರ್ ಪೆಟ್ಟಿಗೆಯ ತೆಳು ಹಲಗೆ, ತಂತಿ, ಮೊಳೆ, ಮರದ ಚೂರು. ಸುಮಾರು ಆರು ತಿಂಗಳು ಹಿಡಿಯಿತು. ಅದು ಶೂ ಮಾಡುತ್ತಿರಲಿಲ್ಲ, ಕೈಯ ಚಲನೆಯನ್ನು ತೋರಿಸುತ್ತಿತ್ತು ಅಷ್ಟೇ. ಆದರೂ ಅದನ್ನು ನೋಡಿದ ಒಬ್ಬರು 50 ಡಾಲರ್ ಕೊಡುತ್ತೇನೆ ಅಂದರು. ಆತ ಕೊಡಲಿಲ್ಲ.

ಮುಂದಿನದು ಕಬ್ಬಿಣದ ಮಾದರಿ. ಗುಜರಿ ಸಾಮಾನು, ಹಳೆ ಯಂತ್ರದ ಬಿಡಿಭಾಗ ಆರಿಸಿ ತಂದು, ಉಜ್ಜಿ, ಕಾಸಿ, ಬಡಿದು ಮಾಡಿಕೊಂಡ. ಊಟಕ್ಕೆ ದಿನಕ್ಕೆ 5 ಸೆಂಟ್ ಮಾತ್ರ ಖರ್ಚು ಮಾಡುತ್ತಿದ್ದ, ಬಹುಪಾಲು ಮುಸುಕಿನ ಜೋಳದ ಹಿಟ್ಟಿನ ಗಂಜಿಯಲ್ಲೇ ಕಾಲ ತಳ್ಳುತ್ತಿದ್ದ ಅಂತ ಆತನ ಬದುಕು ಬರೆದವರು ಹೇಳುತ್ತಾರೆ. ಈ ಹೊತ್ತಿಗೆ ಶೂ ತುದಿಯ ಚರ್ಮ ತಿರುಗಿಸುವ ಭಾಗವೊಂದಕ್ಕೇ 1,500 ಡಾಲರ್ ಕೊಡಲು ಒಬ್ಬರು ಮುಂದೆ ಬಂದರು. ಗಂಜಿ ಕುಡಿದು ಬದುಕುತ್ತಿದ್ದವನಿಗೆ ಅದು ಎಂಥ ಮೊತ್ತ ಅಂತ ಯೋಚಿಸಿ. ಅದಕ್ಕೂ ಒಪ್ಪಲಿಲ್ಲ. ಇಡೀ ಯಂತ್ರ ಆಗಬೇಕು ಅನ್ನುವುದೇ ಹಟ.

## ಯಂತ್ರ ಮಾಡುತ್ತಿದ್ದುದು ಏನು?

ಇದು ಈ ಕತೆಯ ತಿರುಳು. ಮನುಷ್ಯನ ಕೈಯಂಥದ್ದೇ ಒಂದು ಕೈ ಮಾಡಲು ಹೋಗಿದ್ದರೆ ಮಾಟ್ಸೆಲಿಗರ್ ಕೂಡ ಸೋಲುತ್ತಿದ್ದ. ಆತ ಕೈಯನ್ನು ಬಿಟ್ಟು ಕೈ ಮಾಡುವ ಕೆಲಸವನ್ನು ಹಿಡಿದುಕೊಂಡ. ಲಾಸ್ಟರ್‌ನ ಕೈಚಳಕವನ್ನು ಬಿಡಿಸುತ್ತಾ ಹೋದರೆ ಕೆಲವೇ ಚಲನೆಗಳು ಸಿಗುತ್ತವೆ. ಹಿಡಿ, ಎಳೆ, ತಿರುಗಿಸಿ ಮಡಚು, ಮೊಳೆ ಹೊಡೆ, ಸ್ವಲ್ಪ ಮುಂದಕ್ಕೆ ಸರಿ. ಇವೇ ಚಲನೆ ಮತ್ತೆ ಮತ್ತೆ, ಅಚ್ಚಿನ ಸುತ್ತ.

ಆತನ ಯಂತ್ರದಲ್ಲಿ ಅಚ್ಚನ್ನು ಗಟ್ಟಿಯಾಗಿ ಹಿಡಿಯುವ ಒಂದು ಆಧಾರವಿತ್ತು. ಇಕ್ಕಳದಂಥ ಹಿಡಿಕೆ ಬಂದು ಚರ್ಮದ ಅಂಚು ಕಚ್ಚಿ ಎಳೆಯುತ್ತಿತ್ತು. ಅಂಚನ್ನು ಒಳ ಅಟ್ಟೆಯ ಮೇಲಕ್ಕೆ ತಂದು ಮಡಚುತ್ತಿತ್ತು. ಮಡಚಿದ ಜಾಗಕ್ಕೆ ಸರಿಯಾಗಿ ಒಂದು ಮೊಳೆ ಬಂದು ನಿಲ್ಲುತ್ತಿತ್ತು, ಮೇಲಿನಿಂದ ಪೆಟ್ಟು ಬೀಳುತ್ತಿತ್ತು. ಆಮೇಲೆ ಅಚ್ಚು ಒಂದು ಹೆಜ್ಜೆ ಸರಿಯುತ್ತಿತ್ತು. ಮತ್ತೆ ಕಚ್ಚು, ಎಳೆತ, ಮಡಿಕೆ, ಮೊಳೆ. ತುದಿಯಲ್ಲಿ ಮತ್ತು ಹಿಮ್ಮಡಿಯಲ್ಲಿ ಚರ್ಮವನ್ನು ತಿರುಗಿಸಿ ನೆರಿಗೆ ಕೂರಿಸುತ್ತಿತ್ತು. ಕೊನೆಗೆ ಕೆಲಸ ಮುಗಿದ ಶೂವನ್ನು ಹೊರಕ್ಕೆ ಬಿಡುತ್ತಿತ್ತು.

ಹೊಲಿಗೆ ಯಂತ್ರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸೂಜಿ ಇಳಿಯುತ್ತದೆ, ಏಳುತ್ತದೆ, ಬಟ್ಟೆ ಒಂದು ಹೊಲಿಗೆಯಷ್ಟು ಮುಂದೆ ಸರಿಯುತ್ತದೆ. ಪ್ರತಿ ಹೊಲಿಗೆಯೂ ಹಿಂದಿನದರ ಹಾಗೇ. ಇಲ್ಲಿ ಹೊಲಿಗೆಯ ಜಾಗದಲ್ಲಿ ಒಂದು ಎಳೆತ ಮತ್ತು ಒಂದು ಮೊಳೆ. ತುದಿಯ ದೊಡ್ಡ ಬಾಗು ಒಂದೇ ಸಲಕ್ಕೆ ಬಗ್ಗುವುದಿಲ್ಲ. ಸಣ್ಣ ಸಣ್ಣ ತುಂಡಾಗಿ ಹಿಡಿದರೆ ಬಗ್ಗುತ್ತದೆ.

ಸಣ್ಣ ವಿಷಯ ಅನಿಸಬಹುದಾದ ಇನ್ನೊಂದು ತೊಡಕಿತ್ತು. ಆ ಮೊಳೆಗಳು ತೀರಾ ಚಿಕ್ಕವು. ಲಾಸ್ಟರ್ ನಾಲಿಗೆಯಿಂದಲೇ ಮೊಳೆಯನ್ನು ತಿರುಗಿಸಿ ಒಂದೊಂದಾಗಿ ಹೊರಗೆ ತರುತ್ತಿದ್ದ. ಯಂತ್ರಕ್ಕೆ ನಾಲಿಗೆ ಎಲ್ಲಿದೆ? ರಾಶಿಯಲ್ಲಿ ಬಿದ್ದ ಮೊಳೆಗಳನ್ನು ಬೇರ್ಪಡಿಸಿ, ಎಲ್ಲದರ ತಲೆ ಮೇಲೆ ಬರುವಂತೆ ಸಾಲುಮಾಡಿ, ಒಂದೊಂದಾಗಿ ಇಳಿಸಬೇಕು. ಈ ಸಮಸ್ಯೆ ಮಾಟ್ಸೆಲಿಗರ್‌ನನ್ನು ಕೊನೆಯವರೆಗೂ ಬಿಡಲಿಲ್ಲ. ಆತನ ಹೆಸರಿನಲ್ಲಿರುವ ಐದು ಪೇಟೆಂಟುಗಳಲ್ಲಿ ಮೂರು ಮೊಳೆ ಬೇರ್ಪಡಿಸುವುದು, ಹಂಚುವುದು, ಹೊಡೆಯುವುದಕ್ಕೆ ಸಂಬಂಧಿಸಿದವು.

## ಪೇಟೆಂಟ್ ಎಂದರೆ ಏನು? ಅಧಿಕಾರಿ ಲಿನ್‌ಗೆ ಯಾಕೆ ಬಂದರು?

ಪೇಟೆಂಟ್ ಅನ್ನುವುದು ಸರಕಾರ ಮತ್ತು ಸಂಶೋಧಕನ ನಡುವಿನ ಒಂದು ಒಪ್ಪಂದ ಇದ್ದ ಹಾಗೆ. ಸಂಶೋಧಕ ತನ್ನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಗುಟ್ಟಿಲ್ಲದೆ ಬರೆದು ಕೊಡಬೇಕು. ಬದಲಿಗೆ ಸರಕಾರ ಒಂದು ಮಾತು ಕೊಡುತ್ತದೆ: ಇಷ್ಟು ವರ್ಷ ನಿನ್ನ ಒಪ್ಪಿಗೆ ಇಲ್ಲದೆ ಬೇರೆಯವರು ಇದನ್ನು ಮಾಡುವಂತಿಲ್ಲ. ಆಗ ಅಮೆರಿಕದಲ್ಲಿ ಈ ಅವಧಿ 17 ವರ್ಷ. ಅವಧಿ ಮುಗಿದ ಮೇಲೆ ಅದು ಎಲ್ಲರಿಗೂ ಮುಕ್ತ.

ಮಾಟ್ಸೆಲಿಗರ್ ಕಳಿಸಿದ ಅರ್ಜಿಯಲ್ಲಿ ವಿವರಣೆ ಮತ್ತು ನಕ್ಷೆ ಸೇರಿ 15 ಪುಟಗಳಿದ್ದವು. ವಾಷಿಂಗ್ಟನ್‌ನ ಪೇಟೆಂಟ್ ಕಚೇರಿಯವರಿಗೆ ಅದು ತಲೆಗೆ ಹತ್ತಲಿಲ್ಲ. ಅಷ್ಟು ಭಾಗಗಳು, ಅಷ್ಟು ಚಲನೆಗಳು. ಇದು ನಿಜಕ್ಕೂ ನಡೆಯುತ್ತದೆಯೇ ಅನ್ನುವ ಅನುಮಾನ. ಕೊನೆಗೆ ಒಬ್ಬ ಅಧಿಕಾರಿಯನ್ನೇ ಲಿನ್‌ಗೆ ಕಳಿಸಿದರು. ಅವರು ಬಂದು, ಯಂತ್ರ ಓಡುವುದನ್ನು ಕಣ್ಣಾರೆ ನೋಡಿ ಹೋದರು. 1883ರ ಮಾರ್ಚ್ 20ರಂದು ಪೇಟೆಂಟ್ ಸಿಕ್ಕಿತು. ಅದರ ಸಂಖ್ಯೆ 2,74,207.

## 50 ಜೊತೆಯಿಂದ 700 ಜೊತೆಗೆ

ಪೇಟೆಂಟ್ ಸಿಕ್ಕಿತು ಅಂದರೆ ಯಂತ್ರ ಕಾರ್ಖಾನೆಗೆ ಸಿದ್ಧ ಅಂತಲ್ಲ. ಒಂದು ಶೂ ಮಾಡುವುದು ಬೇರೆ, ದಿನವಿಡೀ ಕೆಡದೆ ಮಾಡುವುದು ಬೇರೆ. ಇನ್ನೂ ಎರಡು ವರ್ಷ ತಿದ್ದಿದ. 1885ರ ಮೇ 29ರಂದು ಕಾರ್ಖಾನೆಯ ಪರೀಕ್ಷೆ ನಡೆಯಿತು. ಯಂತ್ರ ಹೆಂಗಸರ ಶೂ 75 ಜೊತೆಗಳನ್ನು ಒಂದೂ ತಪ್ಪಿಲ್ಲದೆ ಮುಗಿಸಿತು.

ಮುಂದೆ ಈ ಯಂತ್ರ ದಿನಕ್ಕೆ 150ರಿಂದ 700 ಜೊತೆವರೆಗೂ ಮಾಡತೊಡಗಿತು. ಸಂಖ್ಯೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂದರೆ ಎಲ್ಲ ಶೂ ಒಂದೇ ಅಲ್ಲ. ತೆಳು ಚರ್ಮಕ್ಕೆ ಹಗುರ ಕೈ ಬೇಕು, ಸಮಯ ಬೇಕು. ಸಾದಾ ಶೂ ಬೇಗ ಆಗುತ್ತದೆ. ಕೆಳಗಿನ ಲೆಕ್ಕ ಹಿಡಿದರೂ ಒಂದು ಯಂತ್ರ ಮೂವರು ಲಾಸ್ಟರ್‌ಗಳ ಕೆಲಸ ಮಾಡಿತು. ಮೇಲಿನ ಲೆಕ್ಕ ಹಿಡಿದರೆ 14 ಮಂದಿಯ ಕೆಲಸ.

ಆಲಿಕೆಯ ತೂತು ದೊಡ್ಡದಾಯಿತು. ಶೂ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಒಂದೇ ಜೊತೆಯನ್ನು ತೇಪೆ ಹಾಕಿಸಿಕೊಂಡು ವರ್ಷಗಟ್ಟಲೆ ತೊಡುತ್ತಿದ್ದ ಮನೆಗಳಿಗೂ ಹೊಸ ಶೂ ಎಟುಕಿತು. ಲಿನ್ ಇನ್ನೂ ಬೆಳೆಯಿತು.

ಲಾಸ್ಟರ್‌ಗಳ ಕತೆ ಬೇರೆ. ವರ್ಷಗಟ್ಟಲೆ ಕೂತು ಕಲಿತ ಕೈಚಳಕ ಅವರದ್ದು. ಅವರ ಕೆಲಸ ನಿಂತರೆ ಊರೇ ನಿಲ್ಲುತ್ತದೆ ಅನ್ನುವ ಬಲ ಅವರ ಕೈತಪ್ಪಿತು. ಯಂತ್ರ ಓಡಿಸಲೂ ಮನುಷ್ಯ ಬೇಕಿತ್ತು, ಕಾರ್ಖಾನೆಗಳೂ ಹೆಚ್ಚಾದವು. ಆದರೆ ಬೆರಳಿಗೆ ಇದ್ದ ಬೆಲೆ ಹಿಂದಿನಂತೆ ಉಳಿಯಲಿಲ್ಲ. ಶೂ ಅಗ್ಗವಾದ ಮನೆಯ ಖುಷಿಯನ್ನೂ, ಕಸುಬು ಕಳೆದುಕೊಂಡವನ ನೋವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಲು ನನಗೆ ಮನಸ್ಸು ಬರುವುದಿಲ್ಲ. ಎರಡೂ ನಿಜ.

## ದುಡ್ಡು ಯಾರಿಗೆ ಹೋಯಿತು?

ಇಂಥ ಕತೆ ಕೇಳಿದಾಗ 'ಮೋಸ ಮಾಡಿ ಕಿತ್ತುಕೊಂಡರು' ಅಂತ ಅಂದುಕೊಳ್ಳುವುದು ಸುಲಭ. ನಡೆದದ್ದು ಅಷ್ಟು ನೇರವಲ್ಲ.

ಗುಜರಿಯಿಂದ ಮಾಡಿದ ಮಾದರಿಯನ್ನು ನಿಜವಾದ ಯಂತ್ರ ಮಾಡಲು ದುಡ್ಡು ಬೇಕಿತ್ತು. ಚಾರ್ಲ್ಸ್ ಡೆಲ್ನೋ ಮತ್ತು ಮೆಲ್ವಿಲ್ ನಿಕೋಲ್ಸ್ ಎಂಬ ಇಬ್ಬರು ದುಡ್ಡು ಹಾಕಿದರು. ಬದಲಿಗೆ ಮುಂದೆ ಬರುವ ಲಾಭದಲ್ಲಿ ಮೂರನೇ ಎರಡು ಪಾಲು ಅವರದ್ದು. ಅಂದರೆ ಪೇಟೆಂಟ್ ಸಿಗುವ ಮೊದಲೇ ಮಾಟ್ಸೆಲಿಗರ್‌ಗೆ ಉಳಿದದ್ದು ಮೂರರಲ್ಲಿ ಒಂದು ಪಾಲು. ಯಂತ್ರಗಳನ್ನು ನೂರಾರು ಸಂಖ್ಯೆಯಲ್ಲಿ ತಯಾರಿಸಲು ಇನ್ನೂ ದೊಡ್ಡ ಬಂಡವಾಳ ಬೇಕಾಯಿತು. ಆಗ ಜಾರ್ಜ್ ಬ್ರೌನ್ ಮತ್ತು ಸಿಡ್ನಿ ವಿನ್ಸ್ಲೋ ಬಂದರು. ಕನ್ಸಾಲಿಡೇಟೆಡ್ ಲಾಸ್ಟಿಂಗ್ ಮೆಷಿನ್ ಕಂಪನಿ ಹುಟ್ಟಿತು. ಪೇಟೆಂಟಿನ ಹಕ್ಕು ಕಂಪನಿಗೆ ಹೋಯಿತು, ಮಾಟ್ಸೆಲಿಗರ್‌ಗೆ ಕಂಪನಿಯ ಷೇರು ಸಿಕ್ಕಿತು.

ಷೇರು ಎಂದರೆ ಕಂಪನಿಯ ಒಡೆತನದಲ್ಲಿ ಒಂದು ತುಣುಕು. ಅದರ ಬೆಲೆ ಕಂಪನಿ ಬೆಳೆದ ಹಾಗೆ ಬೆಳೆಯುತ್ತದೆ. ಅಂದರೆ ಅದರ ಫಲ ಉಣ್ಣಲು ಆಯುಷ್ಯ ಬೇಕು. ಅದೇ ಆತನಿಗೆ ಸಿಗಲಿಲ್ಲ.

1886ರಲ್ಲಿ ನೆಗಡಿ ಅಂತ ಶುರುವಾದದ್ದು ಕ್ಷಯರೋಗ ಅಂತ ಗೊತ್ತಾಯಿತು. ಆ ಕಾಲದಲ್ಲಿ ಕ್ಷಯಕ್ಕೆ ಔಷಧಿ ಇರಲಿಲ್ಲ. ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ನಿದ್ದೆಗೆಟ್ಟು ದುಡಿದ ಮೈ ಅದು. ಹಾಸಿಗೆ ಹಿಡಿದಾಗಲೂ ಚಿತ್ರ ಬರೆದ, ಯಂತ್ರದ ತಿದ್ದುಪಡಿಗಳ ಬಗ್ಗೆ ಯೋಚಿಸಿದ. 1889ರ ಆಗಸ್ಟ್ 24ರಂದು ತೀರಿಕೊಂಡ. 37ನೇ ಹುಟ್ಟುಹಬ್ಬಕ್ಕೆ ಮೂರು ವಾರ ಬಾಕಿ ಇತ್ತು. ಐದು ಪೇಟೆಂಟುಗಳಲ್ಲಿ ನಾಲ್ಕು ಸಿಕ್ಕಿದ್ದು ಆತ ಸತ್ತ ಮೇಲೆ, 1889ರ ಕೊನೆಯಿಂದ 1891ರ ಒಳಗೆ.

## ಹೆಸರು ಯಾಕೆ ಮರೆಯಾಯಿತು?

1899ರಲ್ಲಿ ಆ ಕಂಪನಿ ಬೇರೆ ಶೂ ಯಂತ್ರದ ಕಂಪನಿಗಳ ಜೊತೆ ಸೇರಿ ಯುನೈಟೆಡ್ ಶೂ ಮೆಷಿನರಿ ಎಂಬ ದೈತ್ಯ ಸಂಸ್ಥೆ ಆಯಿತು. ಅದರ ವ್ಯಾಪಾರದ ಬಗೆ ಬೇರೆ. ಮುಖ್ಯ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಶೂ ಕಾರ್ಖಾನೆಗಳು ವರ್ಷ ವರ್ಷವೂ ಅದಕ್ಕೆ ದುಡ್ಡು ಕಟ್ಟಬೇಕು. ಈ ಹಿಡಿತ ಎಷ್ಟು ಬಿಗಿಯಾಗಿತ್ತು ಅಂದರೆ 1953ರಲ್ಲಿ ಅಮೆರಿಕದ ನ್ಯಾಯಾಲಯ, ಈ ಕಂಪನಿ ಇಡೀ ಮಾರುಕಟ್ಟೆಯ ಮೇಲೆ ಕಾನೂನಿಗೆ ವಿರುದ್ಧವಾದ ಏಕಸ್ವಾಮ್ಯ ನಡೆಸುತ್ತಿದೆ ಅಂತ ತೀರ್ಪು ಕೊಟ್ಟಿತು.

ಈ ಬಗೆಯ ವ್ಯಾಪಾರದಲ್ಲಿ ಯಂತ್ರದ ಮೇಲೆ ಇರುವುದು ಕಂಪನಿಯ ಹೆಸರು. ಮಾಡಿದವನ ಹೆಸರು ಪೇಟೆಂಟ್ ಕಡತದ ಒಳಗೆ. ಮಾಟ್ಸೆಲಿಗರ್ ಮದುವೆಯಾಗಿರಲಿಲ್ಲ, ಹೆಸರು ಹೇಳಲು ಮಕ್ಕಳಿರಲಿಲ್ಲ. ಬಂಧುಗಳೆಲ್ಲ ಸಮುದ್ರದ ಆಚೆ. ಕಪ್ಪು ವರ್ಣದ ವಲಸಿಗನೊಬ್ಬನನ್ನು ದೊಡ್ಡ ಸಂಶೋಧಕ ಅಂತ ಪಠ್ಯದಲ್ಲಿ ಸೇರಿಸುವ ಕಾಲವೂ ಅದಾಗಿರಲಿಲ್ಲ. ಇನ್ನೊಂದು ಕಾರಣ ಯಂತ್ರದ್ದೇ. ವಿದ್ಯುತ್ ದೀಪ ಮನೆಯಲ್ಲಿ ಉರಿಯುತ್ತದೆ, ಮಾಡಿದವನು ಯಾರು ಅಂತ ಮಗು ಕೇಳುತ್ತದೆ. ಲಾಸ್ಟಿಂಗ್ ಯಂತ್ರ ಯಾರ ಮನೆಗೂ ಬರಲಿಲ್ಲ. ಅದು ಮಾಡಿದ ಕೆಲಸ ಅಟ್ಟೆಯ ಕೆಳಗೆ ಮುಚ್ಚಿಹೋಯಿತು.

ಅಮೆರಿಕದ ಅಂಚೆ ಇಲಾಖೆ ಆತನ ಚಿತ್ರವಿರುವ 29 ಸೆಂಟ್‌ನ ಅಂಚೆಚೀಟಿ ತಂದದ್ದು 1991ರಲ್ಲಿ. ಅಲ್ಲಿನ ಸಂಶೋಧಕರ ಗೌರವ ಪಟ್ಟಿಗೆ ಹೆಸರು ಸೇರಿದ್ದು 2006ರಲ್ಲಿ. ಲಿನ್‌ನಲ್ಲಿ ಒಂದು ಸೇತುವೆಗೆ ಈಗ ಆತನ ಹೆಸರಿದೆ. ಇವತ್ತಿನ ಶೂ ಕಾರ್ಖಾನೆಗಳಲ್ಲಿ ಮೊಳೆಯ ಬದಲು ಹೆಚ್ಚಾಗಿ ಅಂಟು ಬಳಸುತ್ತಾರೆ. ಆದರೆ ಇಕ್ಕಳದಿಂದ ಅಂಚು ಹಿಡಿದು ಎಳೆಯುವುದು, ತುದಿಯ ಚರ್ಮವನ್ನು ಅಡಿಗೆ ಮಡಚಿ ಒತ್ತುವುದು ಈಗಲೂ ನಡೆಯುತ್ತಿದೆ.

## ಚರ್ಚಿನ ಸಾಲ

ಸಾಯುವ ಮೊದಲು ಮಾಟ್ಸೆಲಿಗರ್ ಉಯಿಲು ಬರೆದಿದ್ದ. ಕೆಲವು ವಸ್ತುಗಳನ್ನು ಗೆಳೆಯರಿಗೆ ಹಂಚಿದ. ಕಂಪನಿಯ ಷೇರುಗಳಲ್ಲಿ ಒಂದು ದೊಡ್ಡ ಪಾಲನ್ನು ನಾರ್ತ್ ಕಾಂಗ್ರಿಗೇಷನಲ್ ಚರ್ಚಿಗೆ ಬಿಟ್ಟ. ಅದೇ, ಉಳಿದವರು ಬಾಗಿಲು ಹಾಕಿದಾಗ ಒಳಗೆ ಕರೆದ ಚರ್ಚು. ಬಡವರಿಗೆ ನೆರವಾಗಲಿ ಅನ್ನುವುದು ಆತನ ಆಸೆ. ತನ್ನನ್ನು ಹೊರಗಿಟ್ಟ ಮೂರು ಪಂಗಡದ ಚರ್ಚುಗಳಿಗೆ ಮಾತ್ರ ಇದರ ಪಾಲು ಹೋಗಬಾರದು ಅಂತಲೂ ಹೇಳಿದ್ದ. ಅಷ್ಟು ವರ್ಷ ಕಳೆದರೂ ಆ ನೋವು ಆರಿರಲಿಲ್ಲ.

ಚರ್ಚಿನವರು ಷೇರುಗಳನ್ನು ಕೂಡಲೇ ಮಾರಲಿಲ್ಲ. 15 ವರ್ಷ ಇಟ್ಟುಕೊಂಡರು. 1904ರಲ್ಲಿ ಮಾರಿದಾಗ 10,860 ಡಾಲರ್ ಬಂತು. ಚರ್ಚಿನ ಕಟ್ಟಡದ ಮೇಲೆ ಅಡಮಾನದ ಸಾಲವಿತ್ತು. ಆ ದುಡ್ಡಿನಲ್ಲಿ ಅದನ್ನು ತೀರಿಸಿದರು. ಆತ ಲಿನ್‌ನ ಪೈನ್ ಗ್ರೋವ್ ಸ್ಮಶಾನದಲ್ಲಿದ್ದಾನೆ.